ಸೋಮವಾರ ಯಂತ್ರಕ್ಕೆ ಸೂಟಿ

ಸೋಮವಾರ, ಬೆಳಗಿನ ಐದು ಗಂಟೆ. ಪುಣೆಯ ಔಂಧ್‌ನಲ್ಲಿರುವ ಏಳು ಮಹಡಿಯ ಗಾಜಿನ ಕಟ್ಟಡದ ನೆಲಮಾಳಿಗೆಯಲ್ಲಿ ನಿಜಲಿಂಗಪ್ಪ ಸ್ವೆಟರ್ ಕಳಚಿ ಮೊಳೆಗೆ ಸಿಕ್ಕಿಸುತ್ತಾರೆ. ಹಣೆಯ ವಿಭೂತಿ ಇನ್ನೂ ಹಸಿಯಾಗಿದೆ. ಎದುರಿಗೆ ಎರಡು ಚಿಲ್ಲರ್‌ಗಳಿವೆ. ಇಡೀ ಕಟ್ಟಡದ ಎ.ಸಿ.ಗೆ ನೀರು ತಣ್ಣಗೆ ಮಾಡಿ ಕಳಿಸುವ ಯಂತ್ರಗಳು ಇವು, ಒಂದೊಂದೂ ಅರ್ಧ ಬಸ್ಸಿನಷ್ಟು ದೊಡ್ಡವು. ಬಲಗಡೆಯದರ ಬೆನ್ನು ತಟ್ಟಿ, "ನಿಂಗ ಇವತ್ತ ಸೂಟಿ, ಮಲಕೋ" ಎನ್ನುತ್ತಾರೆ. ಎಡಗಡೆಯದರ ಮುಂದೆ ಮಾತ್ರ ಸಂಕೋಚದಿಂದ ನಿಲ್ಲುತ್ತಾರೆ. "ಸೋಮವಾರ ಅಂತ ನಂಗೂ ಗೊತ್ತದಪಾ. ಏನ್ ಮಾಡ್ಲಿ? ಇವತ್ತೊಂದ ದಿನ ಎಳಿ, ನಾಳೆ ನಿಂದ ಪಾಳಿ."

ಆಮೇಲೆ ಬೀಗದಕೈ ಗೊಂಚಲು ಹಿಡಿದು ಮೆಟ್ಟಿಲು ಹತ್ತುತ್ತಾರೆ. ಮಹಡಿಗೆ ಆರರಂತೆ ನಲವತ್ತೆರಡು ಕಿಟಕಿಗಳಿವೆ. ಒಂದೊಂದನ್ನೇ ತೆರೆಯುತ್ತ ಏಳನೇ ಮಹಡಿ ತಲುಪುವಷ್ಟರಲ್ಲಿ ಮುಳಾ ನದಿಯ ಕಡೆಯ ತಂಗಾಳಿ ಒಳಗೆಲ್ಲ ಓಡಾಡುತ್ತಿರುತ್ತದೆ. ಬಿಸಿಲು ಗಾಜಿಗೆ ತಾಗುವ ಹೊತ್ತಿಗೆ ಮೇಲಿನಿಂದ ಒಂದೊಂದನ್ನೇ ಮುಚ್ಚುತ್ತ ಇಳಿಯುತ್ತಾರೆ. ಪೂರ್ವದ ಪರದೆಗಳನ್ನು ಎಳೆದು ಭದ್ರಪಡಿಸಿದರೆ ಬೆಳಗಿನ ಕೆಲಸ ಮುಗಿಯಿತು. ಎಂಟೂವರೆಗೆ ಲಿಫ್ಟಿನಿಂದ ಇಳಿಯುವ ಮುನ್ನೂರು ಜನರಿಗೆ ಈ ತಂಪು ಎಲ್ಲಿಂದ ಬಂತು ಎಂಬ ಯೋಚನೆಯೇ ಇರುವುದಿಲ್ಲ. ಅವರಿಗೆ ಬೇಕಾದದ್ದು ಚಹಾ.

ಕಟ್ಟಡ ಒಂದು ಅಂತರರಾಷ್ಟ್ರೀಯ ಸಂಸ್ಥೆಯದು. ಹೆಸರು ಬೇಡ, ಅದನ್ನು ಪೂರ್ತಿ ಬರೆದರೆ ಈ ಪುಟದಲ್ಲಿ ಬೇರೇನಕ್ಕೂ ಜಾಗ ಉಳಿಯುವುದಿಲ್ಲ. ನಲವತ್ತಮೂರು ದೇಶಗಳಲ್ಲಿ ಕಚೇರಿ ಇಟ್ಟುಕೊಂಡು, ಭೂಮಿ ಬಿಸಿಯಾಗದಂತೆ ಹೇಗೆ ಬದುಕಬೇಕೆಂದು ಜಗತ್ತಿಗೆಲ್ಲ ಬುದ್ಧಿ ಹೇಳುವುದೇ ಅದರ ಕಾಯಕ. ಮೂರು ವರ್ಷಗಳ ಹಿಂದೆ ಅಲ್ಲೊಬ್ಬರು ಎದ್ದು ನಿಂತು, "ಅದಿರಲಿ, ನಾವೇ ಎಷ್ಟು ಹೊಗೆ ಉಗುಳುತ್ತಿದ್ದೇವೆ?" ಎಂದು ಕೇಳಿಬಿಟ್ಟರು. ಲೆಕ್ಕ ಹಾಕಿದಾಗ ಎಲ್ಲರೂ ತಲೆ ತಗ್ಗಿಸುವಂತಾಯಿತು. ತನ್ನದೇ ಇಂಗಾಲವನ್ನು ಅರ್ಧಕ್ಕಿಳಿಸುವುದಾಗಿ ಸಂಸ್ಥೆ ಪಣ ತೊಟ್ಟಿತು. ಒಂದು ಸಮಿತಿಯಾಯಿತು, ಅದಕ್ಕೆ ಮೂರು ಉಪಸಮಿತಿಗಳಾದವು. ಕಾಗದ ಉಳಿಸುವುದು ಹೇಗೆ ಎಂಬ ಬಗ್ಗೆ ಎಂಬತ್ತು ಪುಟದ ಬಣ್ಣದ ಪುಸ್ತಕ ಅಚ್ಚಾಗಿ ಎಲ್ಲರ ಮೇಜಿಗೂ ಬಂತು.

ಆ ಪುಸ್ತಕದ ಒಂದು ಪ್ರತಿ ನೆಲಮಾಳಿಗೆಗೂ ಬಂದಿದೆ. ನಿಜಲಿಂಗಪ್ಪ ಅದನ್ನು ಅಲುಗಾಡುತ್ತಿದ್ದ ಕುರ್ಚಿಯ ಕಾಲಿಗೆ ಕೊಟ್ಟಿದ್ದಾರೆ. "ಭಾಳ ಗಟ್ಟಿ ಕಾಗದ್ರಿ," ಎಂದು ಮನಸಾರೆ ಹೊಗಳುತ್ತಾರೆ.

ಅವರ ಊರು ಇಂಡಿ. ತಂದೆ ರೈಲು ನಿಲ್ದಾಣದ ಗೂಡ್ಸ್ ಶೆಡ್ಡಿನಿಂದ ಪೇಟೆಗೆ ಎತ್ತಿನ ಗಾಡಿಯಲ್ಲಿ ಚೀಲ ಸಾಗಿಸುತ್ತಿದ್ದರು. ವಾರದಲ್ಲಿ ಆರು ದಿನ ಎಷ್ಟು ಹೊತ್ತಿಗೆ ಕರೆದರೂ ಗಾಡಿ ಹೂಡುತ್ತಿದ್ದ ಮನುಷ್ಯ ಸೋಮವಾರ ಮಾತ್ರ ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. "ಸೋಮವಾರ ಬಸವಣ್ಣನ ದಿನಾರಿ. ವ್ಯಾಗನ್ ತುಂಬಿ ನಿಂತಿದ್ರೂ ನಮ್ಮಪ್ಪ ಎತ್ತಿನ ಹೆಗಲ ಮ್ಯಾಲ ನೊಗಾ ಇಡ್ತಿದ್ದಿಲ್ಲ. ಮೈ ತೊಳದು, ಹುಲ್ಲ ಹಾಕಿ, ತಾನೂ ಅವುಗಳ ಬಾಜೂಕ ಕುಂತಬಿಡಾಂವ," ಎಂದು ನಿಜಲಿಂಗಪ್ಪ ನೆನೆಯುತ್ತಾರೆ.

ನಿಜಲಿಂಗಪ್ಪ ಸೊಲ್ಲಾಪುರದಲ್ಲಿ ಐಟಿಐ ಮುಗಿಸಿ ಇಪ್ಪತ್ತನೇ ವಯಸ್ಸಿಗೆ ಪುಣೆ ಸೇರಿದರು. ಪುಣೆ ಜಿಲ್ಲೆಯದೇ ಆದ ಶಿರೂರಿನ ಐಸ್ ಫ್ಯಾಕ್ಟರಿಯಲ್ಲಿ ಎಂಟು ವರ್ಷ, ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಹದಿನೇಳು ವರ್ಷ. ತಣ್ಣಗಿನ ಕೆಲಸದಲ್ಲೇ ತಲೆ ನರೆಯಿತು, ಯಂತ್ರಗಳ ಸದ್ದಿಗೆ ಎಡಗಿವಿ ಅರ್ಧ ಹೋಯಿತು. ಹನ್ನೊಂದು ವರ್ಷಗಳಿಂದ ಇಲ್ಲಿ ಗುತ್ತಿಗೆ ನೌಕರ. ಮನೆ ದೇಹೂ ರೋಡ್‌ನಲ್ಲಿ. ನಾಲ್ಕಕ್ಕೆ ಎದ್ದು ಸ್ನಾನ, ಲಿಂಗಪೂಜೆ ಮುಗಿಸಿ ಸ್ಕೂಟರ್ ಹತ್ತುತ್ತಾರೆ. ಬುತ್ತಿಯಲ್ಲಿ ಹೆಂಡತಿ ಗೌರಾಬಾಯಿ ಕಟ್ಟಿಕೊಟ್ಟ ಎರಡು ರೊಟ್ಟಿ, ಶೇಂಗಾ ಚಟ್ನಿ.

ಇಲ್ಲಿಗೆ ಬಂದಾಗ ಅವರ ಕೈಗೊಂದು ನಿಯಮಾವಳಿ ಕೊಟ್ಟರು. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಎರಡೂ ಯಂತ್ರ ಓಡಬೇಕು, ಕಿಟಕಿಗಳು ಮುಚ್ಚಿರಬೇಕು. ಮೊದಲ ವಾರವೇ ನಿಜಲಿಂಗಪ್ಪನವರಿಗೆ ಇದು ಅತಿಯಾಯಿತು ಅನ್ನಿಸಿತು. ಮೂರನೇ ಮಹಡಿಯಲ್ಲಿ ಏಪ್ರಿಲ್ ತಿಂಗಳಲ್ಲೂ ಎಲ್ಲರೂ ಸ್ವೆಟರ್ ಹಾಕಿಕೊಂಡು ನಡುಗುತ್ತ ಕೂತಿದ್ದರು. ಆದರೆ ನಿಯಮ ನಿಯಮವೇ. ವಾರದ ನಾಲ್ಕು ದಿನ ಅವರು ಬಾಯಿ ಮುಚ್ಚಿಕೊಂಡು ಎರಡನ್ನೂ ಓಡಿಸಿದರು. ಸೋಮವಾರ ಬಂದಾಗ ಕೈ ಮೇಲೇಳಲಿಲ್ಲ. ಎರಡನ್ನೂ ನಿಲ್ಲಿಸಿದರೆ ಕೆಲಸ ಹೋಗುತ್ತದೆ, ಎರಡನ್ನೂ ಓಡಿಸಿದರೆ ಅಪ್ಪ ಕನಸಿನಲ್ಲಿ ಬರುತ್ತಾರೆ. ಕೊನೆಗೆ ಒಂದಕ್ಕೆ ಸೂಟಿ ಕೊಟ್ಟು, ಅದರ ಬದಲಿಗೆ ನಲವತ್ತೆರಡು ಕಿಟಕಿ ತೆರೆದರು. ಮುಂದಿನ ಸೋಮವಾರ ಇನ್ನೊಂದಕ್ಕೆ. ಹೀಗೆ ಹನ್ನೊಂದು ವರ್ಷ ನಡೆಯಿತು.

ಕದ್ದುಮುಚ್ಚಿ ಅಲ್ಲ. ಪ್ರತಿ ಸೋಮವಾರ ದಿನವಹಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟರು. ಮೇಲ್ವಿಚಾರಕರು ಬಂದು ಕೆಳಗೆ ಸಹಿ ಹಾಕಿದರು. ಹನ್ನೊಂದು ವರ್ಷದಲ್ಲಿ ನಾಲ್ವರು ಮೇಲ್ವಿಚಾರಕರು ಬದಲಾದರು, ನಾಲ್ವರಿಗೂ ಕನ್ನಡ ಬರುತ್ತಿರಲಿಲ್ಲ. ಏನು ಬರೆದಿದ್ದೀರಿ ಎಂದು ಅವರಲ್ಲಿ ಒಬ್ಬರಾದರೂ ಕೇಳಲಿಲ್ಲ. "ಕೇಳಿದ್ರ ಹೇಳ್ತಿದ್ದೆ. ಕೇಳಲಾರದ ಹೆಂಗ ಹೇಳೂದ್ರಿ?" ಎಂಬುದು ನಿಜಲಿಂಗಪ್ಪನವರ ನ್ಯಾಯ.

ಕಳೆದ ಚಳಿಗಾಲದಲ್ಲಿ ಸಮಿತಿಯವರು ಎಲ್ಲ ಕಚೇರಿಗಳ ವಿದ್ಯುತ್ ಲೆಕ್ಕ ತರಿಸಿಕೊಂಡಾಗ ಪುಣೆಯ ಅಂಕಿ ಅವರ ನಿದ್ದೆ ಕೆಡಿಸಿತು. ಮಂಗಳವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಎರಡು ಸಾವಿರದ ನಾನೂರು ಯೂನಿಟ್, ಸೋಮವಾರ ಸಾವಿರದ ಏಳುನೂರು. ನಲವತ್ತಮೂರು ಕಚೇರಿಗಳಲ್ಲಿ ಹೀಗೆ ಎಲ್ಲೂ ಇಲ್ಲ. ಮೀಟರ್ ಕೆಟ್ಟಿದೆ ಎಂದು ಒಬ್ಬರು ಬರೆದರು. ಮೀಟರ್ ಬದಲಿಸಿದರು, ಅಂಕಿ ಬದಲಾಗಲಿಲ್ಲ. ಭಾರತದಲ್ಲಿ ಸೋಮವಾರ ಉಪವಾಸ ಮಾಡುತ್ತಾರಂತೆ, ಹಸಿದವರಿಗೆ ಸೆಕೆ ಕಡಿಮೆಯಾಗಬಹುದು ಎಂದು ಇನ್ನೊಬ್ಬರು ಎರಡು ಪುಟ ವಾದಿಸಿದರು. ಮೂರನೆಯವರು ಪುಣೆಯವರು ಸೋಮವಾರ ಕೆಲಸಕ್ಕೇ ಬರುವುದಿಲ್ಲವೇನೋ ಎಂದು ಸಂಶಯಪಟ್ಟು ಹಾಜರಿ ಪಟ್ಟಿ ಕೇಳಿದರು. ಇಡೀ ಕಚೇರಿ ಸಿಡಿಮಿಡಿಗೊಂಡಿತು.

ಉತ್ತರ ಹುಡುಕುವ ಹೊಣೆ ಸ್ನೇಹಲ್ ಮೇಲೆ ಬಿತ್ತು. ಈಕೆ ಪುಣೆ ಕಚೇರಿಯ ಪರಿಸರ ಅಧಿಕಾರಿ. ಹುಟ್ಟಿದ್ದು, ಓದಿದ್ದು ಪುಣೆಯಲ್ಲಿ. ಮನೆಯಲ್ಲಿ ಆಡುವುದು ಬಾಗಲಕೋಟೆ ಕನ್ನಡ, ಓದಲು ಮಾತ್ರ ಬಾರದು. ಎರಡು ವಾರ ತಲೆ ಕೆಡಿಸಿಕೊಂಡ ಆಕೆಗೆ ಒಂದು ಸೋಮವಾರ ತನ್ನ ಸ್ವೆಟರ್ ಕುರ್ಚಿಯ ಬೆನ್ನಿಗೆ ಸುಮ್ಮನೆ ನೇತಾಡುತ್ತಿರುವುದು ಕಂಡಿತು. ಎದ್ದು ಸುತ್ತ ನೋಡಿದರೆ ಮೂರನೇ ಮಹಡಿಯ ಎಲ್ಲ ಸ್ವೆಟರ್‌ಗಳೂ ಕುರ್ಚಿಯ ಮೇಲೇ. ಮಂಗಳವಾರ ನೋಡಿದರೆ ಎಲ್ಲವೂ ಮೈಮೇಲೆ. ಆಕೆ ನೆಟ್ಟಗೆ ನೆಲಮಾಳಿಗೆಗೆ ಇಳಿದಳು.

"ಕಾಕಾ, ಸೋಮವಾರ ಏನ್ ಮಾಡ್ತೀರಿ ನೀವು?"

"ಒಂದಕ್ಕ ಸೂಟಿ ಕೊಡ್ತೀನ್ರಿ ಮೇಡಂ."

"ಯಾರಿಗೆ ಕೇಳಿ?"

"ಯಂತ್ರಕ್ಕೂ ಕೇಳಿಲ್ರಿ."

ಸ್ನೇಹಲ್‌ಗೆ ನಗು ಬಂತು, ನಿಜಲಿಂಗಪ್ಪನವರಿಗೆ ಬೆವರು ಬಂತು. ಲಿಖಿತ ಅನುಮತಿ ಇಲ್ಲದೆ ಯಂತ್ರ ನಿಲ್ಲಿಸಿದರೆ ಕೆಲಸದಿಂದ ವಜಾ ಎಂದು ಗುತ್ತಿಗೆಯಲ್ಲಿ ಸ್ಪಷ್ಟವಾಗಿದೆ. ನಿವೃತ್ತಿಗೆ ಆಗ ಬರೀ ಹದಿನಾಲ್ಕು ತಿಂಗಳು ಬಾಕಿ ಇತ್ತು. ಸುದ್ದಿ ಗುತ್ತಿಗೆದಾರರ ಮೇಲ್ವಿಚಾರಕ ವಿಕಾಸ್‌ಗೆ ಮುಟ್ಟಿ, ಆತ ಓಡೋಡಿ ಬಂದು ಮರಾಠಿಯಲ್ಲಿ ತರಾಟೆಗೆ ತೆಗೆದುಕೊಂಡ. ಮುಖ್ಯ ಕಚೇರಿಯಿಂದ ಸಮಿತಿಯವರೇ ವಿಚಾರಣೆಗೆ ಬರುತ್ತಾರೆ, ಅಲ್ಲಿಯವರೆಗೆ ಎರಡೂ ಓಡಲಿ ಎಂದು ಆಜ್ಞೆಯಾಯಿತು. ನಡುವೆ ಬಂದ ಎರಡು ಸೋಮವಾರ ನಿಜಲಿಂಗಪ್ಪ ಎರಡನ್ನೂ ಓಡಿಸಿದರು. ಮನೆಗೆ ಹೋಗಿ ಊಟ ಬಿಟ್ಟರು. "ಅದಕ್ಕ ಸೂಟಿ ಕೊಡಾಕ ಹೋಗಿ ನೀವ ಕಾಯಂ ಸೂಟಿ ತಗೊಂಡ್ರಿ," ಎಂದು ಗೌರಾಬಾಯಿ ಮೊದಲು ಬೈದರು. ಆಮೇಲೆ ಗಂಡನ ಮುಖ ನೋಡಲಾಗದೆ, "ಇರ್ಲಿ ಬಿಡ್ರಿ. ಕಳುವ ಮಾಡಿಲ್ಲ, ಲಬಾಡಿ ಮಾಡಿಲ್ಲ," ಎಂದು ಬಿಸಿ ರೊಟ್ಟಿ ತಟ್ಟಿ ಮುಂದಿಟ್ಟರು.

ಮಾರ್ಚ್ ಕೊನೆಗೆ ಐವರು ಬಂದರು. ಪುಣೆ ಕಚೇರಿ ಇಂಗಾಲ ಉಳಿಸಿದ್ದು ಹೇಗೆಂದು ತಿಳಿಯಲು ಎರಡೆರಡು ವಿಮಾನ ಬದಲಿಸಿ ಬಂದಿದ್ದರು. ಏಳನೇ ಮಹಡಿಯ ಸಭಾಕೊಠಡಿಯಲ್ಲಿ ನಿಜಲಿಂಗಪ್ಪ ಕುರ್ಚಿಯ ತುದಿಯಲ್ಲಿ ಕೂತರು. ಮುಂದೆ ಹನ್ನೊಂದು ದಿನವಹಿ ಪುಸ್ತಕಗಳು. ಬರೆದವರಿಂದಲೇ ಓದಿಸುವಂತಿಲ್ಲ, ಹಾಗಾದರೆ ಓದುವವರು ಯಾರು? ಕಟ್ಟಡದಲ್ಲಿ ಕನ್ನಡ ಓದಬಲ್ಲ ಇನ್ನೊಬ್ಬರೆಂದರೆ ಕ್ಯಾಂಟೀನಿನ ಭುಜಂಗಣ್ಣ, ಕುಂದಾಪುರದ ಕಡೆಯವರು. ದೋಸೆ ಕಾವಲಿಯ ಮುಂದಿನಿಂದ ಅವರನ್ನು ಏಪ್ರನ್ ಸಮೇತ ಕರೆತಂದರು.

"ಎಂತ ಮಾರಾಯ್ರೆ ಇದು, ಕಾಗೆ ಕಾಲು ಗುಬ್ಬಿ ಕಾಲು!" ಎಂದು ಭುಜಂಗಣ್ಣ ಕನ್ನಡಕ ಏರಿಸಿದರು. ಆಮೇಲೆ ಗಟ್ಟಿಯಾಗಿ ಓದಿದರು: "ಸೋಮವಾರ. ಬಲಗಡೆಯವನಿಗೆ ಸೂಟಿ. ಎಡಗಡೆಯವ ಒಬ್ಬನೇ ಎಳೆದ. ಯಾರೂ ಬೈಯಲಿಲ್ಲ."

ಸ್ನೇಹಲ್ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಪುಟ ಮಗುಚಿದರು. "ಸೋಮವಾರ. ಎಡಗಡೆಯವನಿಗೆ ಸೂಟಿ. ಯಾರೂ ಬೈಯಲಿಲ್ಲ." ಮತ್ತೊಂದು ಪುಟ, ಮತ್ತೊಂದು ವರ್ಷ. ಒಂದು ಮೇ ತಿಂಗಳ ಪುಟದಲ್ಲಿ ಮಾತ್ರ ಬೇರೆ ಇತ್ತು: "ಮಧ್ಯಾಹ್ನ ಏಳನೇ ಮಹಡಿಯವರು ಬೈದರು. ಎರಡೂ ಹಚ್ಚಿದೆ. ಅವರದೂ ತಪ್ಪಿಲ್ಲ, ಬಿಸಿಲು ಭಾಳ ಇತ್ತು." ಹೀಗೆ ಐನೂರ ಎಪ್ಪತ್ತು ಸೋಮವಾರಗಳು, ಬೈದದ್ದು ಒಟ್ಟು ಹತ್ತೊಂಬತ್ತು ಸಲ. ಸಮಿತಿಯ ಮುಖ್ಯಸ್ಥೆ ಪೆನ್ನು ಕೆಳಗಿಟ್ಟರು. ಇಷ್ಟು ದೀರ್ಘಕಾಲದ, ಇಷ್ಟು ಪ್ರಾಮಾಣಿಕವಾದ ಪ್ರಯೋಗದ ದಾಖಲೆಯನ್ನು ತಾನು ನೋಡಿಯೇ ಇಲ್ಲ ಎಂದರು. ವಿಕಾಸ್ ವಜಾದ ಮಾತೆತ್ತಿದಾಗ ಅವರು ಕೆಳಗಿದ್ದ ಸಹಿಯ ಮೇಲೆ ಬೆರಳಿಟ್ಟು, ಇದು ಯಾರದು ಎಂದು ಕೇಳಿದರು. ತನ್ನದೇ ಸಹಿ ಕಂಡ ವಿಕಾಸ್ ಪುಸ್ತಕ ಮುಚ್ಚಿ, ವಜಾದ ಮಾತನ್ನೂ ಅಲ್ಲಿಗೇ ಮುಚ್ಚಿದ.

ಕೆಲಸ ಉಳಿಯಿತು. ಅಷ್ಟೇ ಅಲ್ಲ, ಕಡುಬೇಸಿಗೆ ಬಿಟ್ಟರೆ ದಿನವೂ ಒಂದೇ ಯಂತ್ರ ಸಾಕು, ಸರದಿಯ ಮೇಲೆ ಓಡಿಸಿ, ಬೆಳಿಗ್ಗೆ ಕಿಟಕಿ ತೆರೆಯಿರಿ ಎಂದು ಹೊಸ ನಿಯಮ ಬಂತು. "ಹಂಗಂದ್ರ ದಿನಾ ಒಂದಕ್ಕ ಸೋಮವಾರ ಆತು!" ಎಂದು ನಿಜಲಿಂಗಪ್ಪ ಕೈಮುಗಿದರು. ಬಂದು ಹೋದ ಐವರ ವಿಮಾನದ ಹೊಗೆಯನ್ನು ಸ್ನೇಹಲ್ ಲೆಕ್ಕ ಹಾಕಿದಾಗ, ಅದು ಸುಮಾರು ಮೂವತ್ತು ಸೋಮವಾರಗಳ ಉಳಿತಾಯದಷ್ಟಾಯಿತು. ಕೇಳಿ ನಿಜಲಿಂಗಪ್ಪ ತಮ್ಮ ಫೋನ್ ನಂಬರ್ ಬರೆದುಕೊಟ್ಟರು. "ಅಯ್ಯ, ಮುಂದಿನ ಸಲ ಫೋನ್ ಹಚ್ರಿ ಅಂತ ಹೇಳ್ರಿ ಅವ್ರಿಗೆ. ನಾ ಎತ್ತತೀನಿ."

ನಲವತ್ತಮೂರು ಕಚೇರಿಗಳಿಗೂ ಈಗ ಪುಣೆಯ ಪದ್ಧತಿಯ ವರದಿ ಹೋಗಿದೆ. ಅದರಲ್ಲಿ ನಿಜಲಿಂಗಪ್ಪನವರ ಹೆಸರಿಲ್ಲ. ನಲವತ್ತೊಂದನೇ ಪುಟದಲ್ಲಿ 'ಸ್ಥಳೀಯ ಕಾರ್ಯಾಚರಣಾ ಪದ್ಧತಿ' ಎಂದಿದೆ. ಸ್ನೇಹಲ್ ಅದನ್ನು ಬೇಸರದಿಂದಲೇ ಓದಿ ಹೇಳಿದಳು. "ಅಷ್ಟ ಉದ್ದನ ಹೆಸರ ನಮ್ಮಪ್ಪನೂ ಇಟ್ಟಿದ್ದಿಲ್ರಿ," ಎಂದು ಅವರು ನಕ್ಕರು.

ನಿವೃತ್ತಿಗೆ ಇನ್ನು ಆರು ತಿಂಗಳಿದೆ. ಏನು ಬೇಕು ನಿಮಗೆ ಎಂದು ಕೇಳಿದರೆ ನಿಜಲಿಂಗಪ್ಪ ಓಡುತ್ತಿರುವ ಎಡಗಡೆಯ ಯಂತ್ರದ ಮೇಲೆ ಕೈ ಇಡುತ್ತಾರೆ.

"ನಮ್ಮಪ್ಪ ಎಂದೂ ಒಂದ ಎತ್ತ ಕಟ್ಟಿ ಒಂದ ಎತ್ತ ಹೂಡಿಲ್ರಿ. ನಾ ಹನ್ನೊಂದ ವರ್ಷ ಅರ್ಧಾ ಸೋಮವಾರ ಅಷ್ಟ ನಡಸೀನಿ. ಡಿಸೆಂಬರ್ ಥಂಡಿಯೊಳಗ ಒಂದ ಸೋಮವಾರ ಎರಡೂ ಸುಮ್ನ ನಿಲ್ಲಬೇಕ್ರಿ. ನಾ ಕಿಡಕಿ ತಗದಿಟ್ಟ ಬಂದು ಇವುಗಳ ಬಾಜೂಕ ಕುಂದರ್ತೀನಿ. ಸ್ನೇಹಲ್ ಮೇಡಂ ಅರ್ಜಿ ಹಾಕ್ಯಾರ. ಅದಕ್ಕೂ ಒಂದ ಸಮಿತಿ ಆಗೇದಂತ," ಎನ್ನುತ್ತಾರೆ.

ಆಮೇಲೆ ದಿನವಹಿ ಪುಸ್ತಕ ಎಳೆದುಕೊಂಡು, ಡಿಸೆಂಬರಿನ ಖಾಲಿ ಪುಟ ತೆರೆದು ಅಂಗೈಯಿಂದ ಸವರುತ್ತಾರೆ.

"ಆವತ್ತ ಏನ್ ಬರೀಬೇಕಂತ ಈಗ ತಯಾರ್ ಅದರಿ. ಸೋಮವಾರ. ಇಬ್ಬರಿಗೂ ಸೂಟಿ. ಯಾರೂ ಬೈಯಲಿಲ್ಲ."