ಮಾಮಿಗೆ ಬಂದ ಜರ್ಮನ್ ಶಬ್ದ

ಹಳೆಯ ನಿಘಂಟು ಬಿಡಿಸಿದಾಗ ಏಳುವ ಮುಗ್ಗಲು ವಾಸನೆ ನಿಮಗೂ ಗೊತ್ತಿರಬಹುದು. ನನಗದು ಪುತ್ತೂರಿನ ದೇವದಾಸ ಮಾಷ್ಟ್ರ ಜಗಲಿಯ ವಾಸನೆ. ಅಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದು ಕೂತಿದ್ದ ಐಸಮ್ಮ ಮಾಮಿಯಾಗಲಿ, ನಾವು ಹೊರಟುಬಂದ ಕಡಬದ ಮನೆಯಾಗಲಿ ಈಗಿಲ್ಲ. ಮಾಮಿ ನನ್ನ ಅಪ್ಪನ ತಂಗಿ. ಆಗ ಇಪ್ಪತ್ತೆರಡು ವರ್ಷ. ಗಂಡ ಹಮ್ಮಬ್ಬ ಜರ್ಮನಿಯ ಸರಕು ಹಡಗಿನಲ್ಲಿ ಖಲಾಸಿ. ಅರುವತ್ತರ ದಶಕದ ಮೊದಲಲ್ಲಿ ಹಡಗಿನ ಕಂಪೆನಿಯಿಂದ ಒಂದು ಕಾಗದ ಬಂತು. ಊರಲ್ಲಿ ಜರ್ಮನ್ ಓದಬಲ್ಲವರಿರಲಿಲ್ಲ. ಎಳವೆಯಲ್ಲಿ ಪಾದ್ರಿಗಳಿಂದ ಜರ್ಮನ್ ಕಲಿತಿದ್ದ ಮಾಷ್ಟ್ರನ್ನು ಹುಡುಕಿಕೊಂಡು ಅಪ್ಪ, ಮಾಮಿ, ನಾನು ಮೂವರೂ ಬಸ್ಸು ಹತ್ತಿದೆವು.

ಮಾಷ್ಟ್ರು ನಿಘಂಟು ಬಿಡಿಸಿಟ್ಟುಕೊಂಡು ಎರಡು ಸಲ ಓದಿದರು. ಹಡಗು ಬಿರುಗಾಳಿಗೆ ಮುಳುಗಿತ್ತು. ಹಮ್ಮಬ್ಬನ ಹೆಸರಿನ ಮುಂದೆ ಒಂದೇ ಶಬ್ದ: ಫೆರ್‌ಶೊಲ್ಲನ್.

“ಸತ್ತಿದ್ದಾನೆ ಅಂತವಾ?” ಅಪ್ಪ ಕೇಳಿದ.

“ಅಲ್ಲ. ಇದು ಕೃದಂತ. ನಾವು ‘ಬಿದ್ದ ಮರ’ ಅನ್ನುದಿಲ್ವಾ, ಹಾಗೆ ಕ್ರಿಯಾಪದದಿಂದ ಹುಟ್ಟಿದ ವಿಶೇಷಣ. ಸದ್ದು ಅಡಗಿದ, ಅಂದ್ರೆ ಸುದ್ದಿಯೇ ಇಲ್ಲದೆ ಕಾಣೆಯಾದ. ಇದರ ಮೂಲ ಕ್ರಿಯಾಪದವನ್ನು ಈಗ ಯಾರೂ ಬಳಸುದಿಲ್ಲ. ಈ ರೂಪ ಮಾತ್ರ ಉಳಿದದ್ದು.”

“ಹಾಗಾದ್ರೆ ಬದುಕಿದ್ದಾರಾ?” ಮಾಮಿ ಕೇಳಿದಳು.

“ಹಾಗೂ ಹೇಳುದಿಲ್ಲ ಮಗಳೇ, ಈ ಶಬ್ದ.”

ಸಾವು ಖಚಿತವಾಗದೆ ಮಾಮಿ ವಿಧವೆ ಮನೆಯೊಳಗೇ ಕಳೆಯಬೇಕಾದ ಶೋಕದ ಅವಧಿಯಾದ ಇದ್ದತ್ ಕೂರುವಂತಿಲ್ಲ, ಮರುಮದುವೆಯೂ ಆಗುವಂತಿಲ್ಲ ಎಂಬುದು ಅಪ್ಪನಿಗೆ ಗೊತ್ತಿತ್ತು. ದನಿ ತಗ್ಗಿಸಿ, “ಕನ್ನಡದಲ್ಲಿ ‘ಸತ್ತ’ ಅಂತ ಬರೆದುಕೊಡಿ ಮಾಷ್ಟ್ರೇ. ಯಾರಿಗೆ ಗೊತ್ತಾಗ್ತದೆ?” ಎಂದ.

ಮಾಷ್ಟ್ರು ಪೆನ್ನು ಕೈಗೆತ್ತಿಕೊಂಡು ಮಾಮಿಯ ಮುಖ ನೋಡಿದರು. ಬರೆದುಬಿಡುತ್ತಿದ್ದರೋ ಏನೋ.

“ಬೇಡ ಅಣ್ಣ,” ಎಂದಳು ಮಾಮಿ. “ನನಗೆ ಗೊತ್ತಾಗ್ತದಲ್ಲ.”

ಮುಂದಿನ ಏಳು ವರ್ಷ ಅವಳು ಹೆಂಡತಿಯೂ ಅಲ್ಲದೆ, ವಿಧವೆಯೂ ಅಲ್ಲದೆ ನಮ್ಮ ಮನೆಯಲ್ಲಿ ಅಕ್ಕಿ ಕಡೆದಳು, ರೊಟ್ಟಿ ಬೇಯಿಸಿದಳು, ನನ್ನ ಜಡೆ ಹೆಣೆದಳು. ಒಮ್ಮೆಯೂ ಅಳಲಿಲ್ಲ. ಅಳುವುದೆಂದರೆ ಅವನನ್ನು ತಾನೇ ಕೊಂದಂತೆ ಎಂದುಕೊಂಡಿದ್ದಳೇನೋ. ಶಬ್ದಗಳ ಅರ್ಥ ಕಾಲಕ್ರಮದಲ್ಲಿ ಬದಲಾಗುತ್ತದೆ ಎಂದು ನಾನು ಶಾಲೆಯಲ್ಲಿ ಕಲಿತದ್ದನ್ನು ಒಂದು ದಿನ ಹೇಳಿದೆ. ಮರುದಿನವೇ, “ಆ ಶಬ್ದದ ಅರ್ಥವೂ ಬದಲಾಗಿದೆಯಾ ಅಂತ ಮಾಷ್ಟ್ರ ಹತ್ತಿರ ಒಮ್ಮೆ ಕೇಳಿ ಬರುವ,” ಎಂದು ನನ್ನನ್ನು ಪುತ್ತೂರಿಗೆ ಹೊರಡಿಸಿದಳು.

ಜಗಲಿಯಲ್ಲಿ ಮಾಷ್ಟ್ರ ಹೆಂಡತಿ ಒಬ್ಬರೇ ಇದ್ದರು. “ಅವರು ತೀರಿಹೋಗಿ ತಿಂಗಳಾಯ್ತಲ್ಲ,” ಎಂದರು.

ಮಾಮಿ ಅವರ ಎರಡೂ ಕೈ ಹಿಡಿದುಕೊಂಡಳು. “ಮುಖ ನೋಡಿದ್ರಾ ನೀವು?”

“ನೋಡಿದೆ. ಕಣ್ಣು ಮುಚ್ಚಿಸಿದ್ದು ನಾನೇ.”

ಆ ಮಾತು ಕೇಳಿ ಮಾಮಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಏಳು ವರ್ಷದ ಅಳುವನ್ನು ಅತ್ತಳು. ಮಾಷ್ಟ್ರಿಗಾಗಿ ಅಳುತ್ತಿದ್ದಾಳೆಂದುಕೊಂಡು ಆ ಮುದುಕಿ ಅವಳ ಬೆನ್ನು ಸವರುತ್ತಿದ್ದರು.