ಹೊಡೆಯುವವರು, ಹುಡುಕುವವಳು

ನಮ್ಮಪ್ಪ ಹಕ್ಕಿ ಹೊಡೆಯುತ್ತಿದ್ದ, ಅಣ್ಣ ಹೊಡೆಯುತ್ತಿದ್ದ, ನಾನು ಹುಡುಕುತ್ತಿದ್ದೆ. ಪಾಂಡವಪುರದ ಆಚೆಗಿರುವ ನಮ್ಮೂರಿನಲ್ಲಿ ನಾಲೆಯ ಕೆಳಗೆ ಗದ್ದೆ, ಮೇಲೆ ನೀರು ಹತ್ತದ ಬೋರೆ. ಬೋರೆಯ ಮೇಲೆ ಮಳೆ ನೆಚ್ಚಿಕೊಂಡ ರಾಗಿ ಹೊಲಗಳು, ಹೊಲದ ಅಂಚಿಗೆಲ್ಲ ಸೀಗೆ ಮೆಳೆ, ಲಂಟಾನದ ಪೊದೆ. ರಾಗಿ ಕುಯ್ದ ಮೇಲೆ ಉದುರಿದ ಕಾಳಿಗೆಂದು ಗೌಜಲಕ್ಕಿಗಳು ಮೆಳೆಯಿಂದ ಹೊರಗೆ ಬರುತ್ತಿದ್ದವು. ಕವೆಗೋಲಿಗೆ ಸೈಕಲ್ ಟ್ಯೂಬಿನ ರಬ್ಬರ್ ಕಟ್ಟಿದ ಕ್ಯಾಟರಬಿಲ್ಲು ಅಪ್ಪನದು. ಮಣ್ಣಿನ ಗುಂಡು ಬಿಟ್ಟ ಸದ್ದು, ರೆಕ್ಕೆ ಬಡಿದ ಸದ್ದು, ಅದರ ಹಿಂದೆಯೇ ನಾನು ಓಡಿದ ಸದ್ದು. ಯಾರೂ ನನ್ನನ್ನು ಕೂಗಬೇಕಾಗಿರಲಿಲ್ಲ.

ಹೆಣ್ಣುಮಕ್ಕಳು ಸಣ್ಣಗಿರುತ್ತಾರೆ, ಮುಳ್ಳಿನ ಸಂದಿಯಲ್ಲಿ ನುಸುಳುತ್ತಾರೆ ಅನ್ನುವುದು ಅದಕ್ಕೆ ಕೊಡುತ್ತಿದ್ದ ಕಾರಣ. ಅಣ್ಣ ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಮೈಕಟ್ಟಿನಲ್ಲಿ ನನಗಿಂತ ಸಣಕಲ. ಹಾಗಾದರೆ ಅವನು ಯಾಕೆ ನುಸುಳಬಾರದು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಯಾಕೆಂದರೆ ಆ ಕೆಲಸ ನನಗೆ ಬಹಳ ಚೆನ್ನಾಗಿ ಬರುತ್ತಿತ್ತು. ಮೊಣಕೈವರೆಗೆ ಗೀರು, ಲಂಗದ ಅಂಚೆಲ್ಲ ಚಿಂದಿ, ಕೈಯಲ್ಲಿ ಮಾತ್ರ ಹಕ್ಕಿ. ಅದನ್ನು ತಂದು ಹೊಡೆದವರಿಗೆ ಕೊಟ್ಟರೆ ಅವರು ಎತ್ತಿ ಹಿಡಿದು ತೂಕ ನೋಡುತ್ತಿದ್ದರು. ಊರೊಳಗೆ ಬಂದಾಗ "ಯಾರು ಒಡೆದಿದ್ದು?" ಎಂದು ಕೇಳುತ್ತಿದ್ದರೇ ಹೊರತು ಯಾರು ಹುಡುಕಿದ್ದು ಎಂದು ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ. ಅಪ್ಪನನ್ನು ಬಯ್ಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಮರಿ ಜೊತೆಗಿದ್ದ ಹಕ್ಕಿಗೆ ಅವನು ಎಂದೂ ಬಿಲ್ಲು ಎತ್ತಿದವನಲ್ಲ, ಹೊಡೆದ ಹಕ್ಕಿಯನ್ನು ಸಿಗಲಿಲ್ಲ ಎಂದು ಬಿಟ್ಟು ಬಂದವನೂ ಅಲ್ಲ. ಆದರೆ ಆ ಎರಡನೆಯ ನೇಮ ಅವನದು, ಮೈ ನನ್ನದು.

ಮದುವೆಯಾಗಿ ಕೆ.ಆರ್. ಪೇಟೆ ಕಡೆಯ ಊರಿಗೆ ಬಂದೆ. ಎರಡು ಸೀಮೆಹಸು, ಡೇರಿಗೆ ಹಾಲು, ಬಹಳ ವರ್ಷ ಕಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣ ಫೋನು ಮಾಡಿದ.

"ಈ ಸಂಕ್ರಾಂತಿಗೆ ಮಗೀನೂ ಕರ್ಕಂಡ್ ಬಾ ಅಮ್ಮಿ. ನಮ್ ಹುಡ್ಗ ಬಿಲ್ಲು ಇಡಿಯೋದ ಕಲ್ತವ್ನೆ. ಇವ್ನು ಒಡೀಲಿ, ಅವ್ಳು ಉಡುಕ್ಲಿ. ನಿನ್ ಮಗ್ಳಲ್ವಾ, ಚೆನ್ನಾಗಿ ಉಡುಕ್ತಾಳೆ ಬುಡು."

ಅವನು ಹೊಗಳಿಕೆಯಾಗಿಯೇ ಹೇಳಿದ್ದು. ನನಗೆ ಮಾತ್ರ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಎತ್ತಿಗೆ ಹುಟ್ಟುವಾಗಲೇ ನೊಗ ಅಳೆದಿಟ್ಟ ಹಾಗೆ ನನ್ನ ಮಗಳಿಗೆ ಕೆಲಸ ಗೊತ್ತು ಮಾಡಿಬಿಟ್ಟಿದ್ದ. "ಬತ್ತೀವಿ ಕಣಣ್ಣ" ಎಂದಷ್ಟೇ ಹೇಳಿ ಫೋನು ಇಟ್ಟೆ. ಅವಳು ಹೋಗುವುದಾದರೆ ಹೊಡೆಯುವವಳಾಗಿ ಹೋಗಬೇಕು ಎಂದು ಆಗಲೇ ತೀರ್ಮಾನ ಮಾಡಿಯಾಗಿತ್ತು.

ನನ್ನ ಗಂಡನಿಗೆ ಇದರ ತಲೆಬುಡ ತಿಳಿಯಲಿಲ್ಲ. "ಹಕ್ಕಿ ಒಡೆಯೋದು ಈಗ ಕಾನೂನಿಗೆ ವಿರುದ್ಧ. ಬ್ಯಾಡ ಅಂದ್ಬುಡು, ಮುಗೀತಲ್ಲ" ಎಂದರು. ಕಾನೂನು ಅಣ್ಣನಿಗೂ ಗೊತ್ತು, ನನಗೂ ಗೊತ್ತು. ಇದನ್ನು ಜಂಬದಿಂದ ಬರೆಯುತ್ತಿಲ್ಲ, ಮುಚ್ಚಿಡುವುದೂ ನನ್ನಿಂದಾಗದು. ಆದರೆ ನಾವು ಹೋಗದಿದ್ದರೆ ಅಣ್ಣನೇನು ಬಿಲ್ಲು ಮಡಿಸಿಡುತ್ತಿರಲಿಲ್ಲ. ಮೆಳೆಯೊಳಗೆ ನುಸುಳುವುದಕ್ಕೆ ಪಕ್ಕದ ಮನೆಯ ಇನ್ನೊಂದು ಹೆಣ್ಣುಮಗು ಸಿಗುತ್ತಿತ್ತು, ಅಷ್ಟೇ. ನನ್ನ ಮಗಳು ಇದು ಬೇಡ ಅನ್ನುವುದಾದರೆ ಬಿಲ್ಲು ಕೈಯಲ್ಲಿ ಹಿಡಿದವಳಾಗಿ ಬೇಡ ಅನ್ನಲಿ. ಬಿಲ್ಲು ಸಿಗದವಳಾಗಿ ಅಲ್ಲ.

ಬಿಲ್ಲು ನಾನೇ ಮಾಡಿದೆ. ಸೀಬೆಮರದ ಕವೆ ಕಡಿದು, ತೊಗಟೆ ಕೆತ್ತಿ, ಟ್ಯೂಬು ಸೀಳಿ ಕಟ್ಟಿದೆ. ಕೆರೆಯ ಜೇಡಿಮಣ್ಣು ತಂದು ಗುಂಡು ಉಂಡೆ ಕಟ್ಟಿ, ನೆರಳಲ್ಲಿ ಒಣಗಿಸಿ, ಒಲೆಯ ಬೂದಿಯಲ್ಲಿ ಸುಟ್ಟೆ. ಅಷ್ಟು ವರ್ಷ ಹಕ್ಕಿಯ ಹಿಂದೆ ಓಡಾಡಿದ್ದವಳು ಬಿಲ್ಲಿನ ರಬ್ಬರ್ ಎಳೆದು ನೋಡಿದ್ದು ಆವತ್ತೇ. ನಾನು ಬಿಟ್ಟ ಮೊದಲ ಗುಂಡು ಕೊಟ್ಟಿಗೆಯ ಶೀಟಿಗೆ ಬಡಿದು ಹಸು ಹಾಲಿನ ಬಕೆಟ್ಟು ಒದ್ದಿತು. ಮಗಳು ನಕ್ಕಿದ್ದೇ ನಕ್ಕಿದ್ದು.

ನನಗೆ ಗುರಿ ಬರದಿದ್ದರೂ ಗುರಿ ಯಾಕೆ ತಪ್ಪುತ್ತದೆ ಅನ್ನುವುದು ಗೊತ್ತಿತ್ತು. ಹೊಡೆಯುವವರು ಹಕ್ಕಿಯನ್ನು ಒಂದೇ ಕಡೆಯಿಂದ ನೋಡುತ್ತಾರೆ, ನಾನು ಗುಂಡು ಬಿದ್ದ ಕಡೆಯಿಂದ ನೋಡಿದವಳು. ಅಣ್ಣನ ಗುಂಡುಗಳನ್ನು ಹೊಲದಲ್ಲಿ ಹೆಕ್ಕಿದಾಗಲೆಲ್ಲ ಅವು ಹಕ್ಕಿ ಓಡಿದ ದಾರಿಯ ಹಿಂದೆಯೇ ಬಿದ್ದಿರುತ್ತಿದ್ದವು, ಮುಂದೆ ಬಿದ್ದದ್ದೇ ಇಲ್ಲ. ಹಾಗಾಗಿ ಕೊಟ್ಟಿಗೆಯ ಹಿಂದಿನ ಬೇವಿನ ಕೊಂಬೆಗೆ ತೆಂಗಿನ ಚಿಪ್ಪು ಕಟ್ಟಿ ತೂಗಿಬಿಟ್ಟೆ.

"ಚಿಪ್ಪಿಗೆ ಒಡೀಬ್ಯಾಡ ಕಣವ್ವ. ಚಿಪ್ಪು ಎಲ್ಲಿಗೆ ಓಯ್ತದೋ ಅಲ್ಲಿಗೆ ಒಡಿ."

ಶುರುವಿನಲ್ಲಿ ಬೇವಿನ ಎಲೆಗಳೇ ಉದುರಿದವು. ಸ್ಕೂಲಿಂದ ಬಂದವಳು ಬ್ಯಾಗು ಬಿಸಾಡಿ ನೇರ ಕೊಟ್ಟಿಗೆ ಹಿಂದಕ್ಕೆ ಹೋಗುತ್ತಿದ್ದಳು. ಹೆಬ್ಬೆರಳಿಗೆ ಬೊಬ್ಬೆ ಬಂತು, ಬಟ್ಟೆ ಸುತ್ತಿದೆ. ರಬ್ಬರ್ ತಿರುಗಿ ಮಣಿಕಟ್ಟಿಗೆ ಹೊಡೆಯಿತು, ಕೊಬ್ಬರಿ ಎಣ್ಣೆ ಹಚ್ಚಿದೆ. ಸಾಕು ಎಂದು ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಹಠದಲ್ಲಿ ಅವಳು ನನಗೇ ಹುಟ್ಟಿದವಳು.

ಒಂದು ಸಂಜೆ ಬಿಲ್ಲು ಕೆಳಗಿಳಿಸಿ ಕೇಳಿದಳು. "ಅವ್ವ, ಗೌಜಲಿಗೆ ನೋವಾಯ್ತದಾ?"

"ಆಯ್ತದೆ."

"ಸತ್ತೋಯ್ತದಾ?"

"ಸರ್‍ಯಾಗಿ ಬಿದ್ರೆ ಸಾಯ್ತದೆ. ಸರ್‍ಯಾಗಿ ಬೀಳ್ದಿದ್ರೆ ನರಳ್ತದೆ. ಬ್ಯಾಡ ಅನ್ಸುದ್ರೆ ಈಗ್ಲೇ ಯೋಳು, ಚಿಪ್ಪು ಬಿಚ್ಬುಡ್ತೀನಿ."

ಅವಳು ಸ್ವಲ್ಪ ಹೊತ್ತು ಗುಂಡನ್ನು ಬೆರಳಲ್ಲಿ ಉರುಳಿಸಿದಳು. ಆಮೇಲೆ, "ತೂಗು" ಎಂದಳು.

ಇಷ್ಟೆಲ್ಲ ಕಲಿಸಿದವಳು ಒಂದನ್ನು ಬೇಕೆಂದೇ ಕಲಿಸಲಿಲ್ಲ. ಹುಡುಕುವುದನ್ನು. ಆ ಕೆಲಸ ಬಂದರೆ ತಾನೆ ಮಾಡಿಸುತ್ತಾರೆ? ಗೌಜಲು ಏಟು ತಿಂದು ಎಲ್ಲಿಗೆ ಹೋಗುತ್ತದೆ, ಹೇಗೆ ಅಡಗುತ್ತದೆ ಎಂದು ಅವಳು ಕೇಳಿದಾಗಲೂ "ಅದು ನಿಂಗ್ಯಾಕೆ" ಎಂದು ಮಾತು ಹಾರಿಸಿಬಿಟ್ಟೆ.

ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ನಾವು ನಾಲ್ವರು ಬೋರೆ ಹತ್ತಿದೆವು. ಅಣ್ಣ, ಅವನ ಹನ್ನೊಂದು ವರ್ಷದ ಮಗ, ನಾನು, ನನ್ನ ಮಗಳು. ಕೆಳಗೆ ನಾಲೆಯ ಮೇಲೆ ಮಂಜು ಇನ್ನೂ ಕೂತಿತ್ತು, ಆಲೆಮನೆಯ ಹೊಗೆ ಅದರ ಜೊತೆ ಸೇರಿಕೊಂಡಿತ್ತು. ಹೊಲದ ಬದುವಿಗೆ ಬಂದ ಕೂಡಲೆ ಅಣ್ಣ ಮಗನ ಕೈಗೆ ಅಪ್ಪನ ಬಿಲ್ಲು ಕೊಟ್ಟ, ನನ್ನ ಮಗಳ ಹೆಗಲಿಗೆ ಹಕ್ಕಿ ಹಾಕುವ ಬಟ್ಟೆಚೀಲ ಹಾಕಲು ಬಂದ.

"ಅದು ಬ್ಯಾಡ ಕಣಣ್ಣ. ಅವ್ಳತ್ರ ಬಿಲ್ಲದೆ."

ಮಗಳು ಸ್ವೆಟರ್ ಒಳಗಿನಿಂದ ಬಿಲ್ಲು ತೆಗೆದಳು. ಅಣ್ಣ ಅದನ್ನು ನೋಡಿದ, ನನ್ನನ್ನು ನೋಡಿದ, ಜೋರಾಗಿ ನಕ್ಕ.

"ಏನಮ್ಮಿ ಇದು, ವಸಾ ರೂಲ್ಸು? ಎಲ್ರೂ ಒಡಿಯೋರೇ ಆದ್ರೆ ಉಡುಕೋರು ಯಾರು?"

"ಒಡೆದೋರು."

"ಅಪ್ಪ ಇದ್ದಿದ್ರೆ ಏನಂತಿತ್ತೋ."

"ಅಪ್ಪನಿಗೂ ಇದೇ ಯೋಳ್ತಿದ್ದೆ."

ನಿಜವಾಗಿ ಹೇಳುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಅಣ್ಣ ಕೆಟ್ಟವನಲ್ಲ, ಜಗಳ ಬೆಳೆಸುವವನೂ ಅಲ್ಲ. "ಆಗ್ಲಿ ಬುಡು. ಮೊದ್ಲು ಇವ್ನು ಒಡೀಲಿ, ಆಮ್ಯಾಕೆ ಅವ್ಳು" ಎಂದು ಚೀಲವನ್ನು ತನ್ನ ಹೆಗಲಿಗೇ ಹಾಕಿಕೊಂಡ.

ಬದುವಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಕಾದೆವು. ಮೆಳೆಯಿಂದ ಗೌಜಲಿನ ಕೂಗು ಎದ್ದಿತು, ಆಮೇಲೆ ಒಂದೊಂದಾಗಿ ರಾಗಿ ಕುಯ್ದ ಕೂಳೆಯೊಳಕ್ಕೆ ಬಂದವು. ಅಣ್ಣನ ಮಗ ಎದ್ದು ಹೊಡೆದ. ಗುಂಡು ಹಕ್ಕಿಯ ಬಾಲದ ಹಿಂದೆ ದೂಳೆಬ್ಬಿಸಿತು, ಹಿಂಡೆಲ್ಲ ಭರ್ರೆಂದು ಎದ್ದು ಮೆಳೆ ಸೇರಿತು. "ಗಾಳಿ ಕಣ್ಲಾ" ಎಂದ ಅಣ್ಣ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ, ಚಿಕ್ಕಂದಿನಿಂದ ಅಣ್ಣನಿಗೆ ಮಾತ್ರ ಬೀಸುವ ಗಾಳಿ ಅದು. ಹುಡುಗನ ಮುಖ ಸಪ್ಪಗಾಯಿತು.

ಮತ್ತೆ ಕಾದೆವು. ಬಿಸಿಲು ಬೆನ್ನಿಗೆ ಹತ್ತಿತು. ಕಾಲು ಜೋಮು ಹಿಡಿಯಿತು. ಅಣ್ಣ ಹೋಗೋಣ ಎಂದು ಸನ್ನೆ ಮಾಡಿದ. ಮಗಳು ತಲೆ ಅಲ್ಲಾಡಿಸಿದಳು. ಅವನು ಇನ್ನೊಂದು ಸಲ ಸನ್ನೆ ಮಾಡಿದ, ಅವಳು ಆ ಕಡೆ ತಿರುಗಿ ಕೂಡ ನೋಡಲಿಲ್ಲ. ಕೊನೆಗೆ ಒಂಟಿ ಗೌಜಲೊಂದು ಮೆಳೆಯ ಅಂಚಿಗೆ ಬಂದು ನಿಂತಿತು. ಕತ್ತು ಎತ್ತಿ ಆಚೀಚೆ ನೋಡಿ, ಕೂಳೆಯ ಸಾಲು ಹಿಡಿದು ಗುಡುಗುಡು ಓಡತೊಡಗಿತು.

ಮಗಳು ಎದ್ದು ನಿಂತಳು. ಬಿಲ್ಲಿನ ತುದಿ ಹಕ್ಕಿಯನ್ನು ದಾಟಿ ಮುಂದಕ್ಕೆ ಹೋಯಿತು, ಒಂದು ಗಳಿಗೆ ನಿಂತಿತು, ರಬ್ಬರ್ ಸಿಡಿಯಿತು. ಗೌಜಲು ಒಂದು ಪಲ್ಟಿ ಹೊಡೆದು, ಎದ್ದು, ಒಂದು ರೆಕ್ಕೆ ಎಳೆದುಕೊಂಡು ಮೆಳೆಯೊಳಗೆ ಮಾಯವಾಯಿತು.

ಮುಂದೆ ಆದದ್ದನ್ನು ನಾನು ಯೋಚಿಸಿ ಮಾಡಲಿಲ್ಲ. ನೋಡುವಷ್ಟರಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಕೂಳೆಯ ಮೇಲೆ ಓಡುತ್ತಿದ್ದೆ. ವಯಸ್ಸು ಐವತ್ತರ ಹತ್ತಿರ, ಮಂಡಿ ನೋವು ಬೇರೆ. ತಿಂಗಳುಗಟ್ಟಲೆ ಅಷ್ಟು ಹಠ ಮಾಡಿ, ಅಣ್ಣನಿಗೆ ಅಷ್ಟು ದೊಡ್ಡ ಮಾತು ಹೇಳಿ, ಹಕ್ಕಿ ಬಿದ್ದ ಕೂಡಲೆ ಓಡಿದವಳು ನಾನೇ. ಸೆರಗು ಸೀಗೆಮುಳ್ಳಿಗೆ ಸಿಕ್ಕಿ ಜಗ್ಗಿದಾಗ ಹಿಂದಿನಿಂದ ಮಗಳ ದನಿ ಕೇಳಿಸಿತು.

"ಅವ್ವ! ನೀನ್ಯಾಕೆ ಓಡ್ತಿದ್ದೀಯಾ?"

ಅವಳು ಬಯ್ಯಲಿಲ್ಲ, ಹಂಗಿಸಲಿಲ್ಲ. ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ. "ಒಡೆದಿದ್ದು ನಾನಲ್ವಾ?" ಎಂದು ನನ್ನ ಪಕ್ಕದಿಂದ ತಲೆ ತಗ್ಗಿಸಿಕೊಂಡು ಮೆಳೆಯೊಳಗೆ ನುಗ್ಗಿದಳು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಮುಳ್ಳಿನಿಂದ ಸೆರಗು ಬಿಡಿಸಿಕೊಂಡು ಅಲ್ಲೇ ನಿಂತೆ.

ಒಳಗೆ ಅವಳು ಹಕ್ಕಿ ನುಗ್ಗಿದ ಜಾಗದಲ್ಲೇ ಸುತ್ತುತ್ತಿದ್ದಳು. ಎಲೆ ಕೆದಕುವ ಸದ್ದು, ಮುಳ್ಳು ತಗುಲಿದಾಗಲೆಲ್ಲ "ಸ್ಸ್" ಎನ್ನುವ ಸದ್ದು. ಹೊತ್ತು ಹೋಯಿತು. "ಕಾಣ್ತಿಲ್ಲ ಕಣವ್ವ" ಎಂದಳು. ಅಣ್ಣ ಹತ್ತಿರ ಬಂದು, "ನರಳ್ತಾ ಬಿದ್ದಿರ್ತದೆ ಅಮ್ಮಿ. ನೀನೇ ಓಗ್ಬುಡು, ಒಂದ್ ನಿಮ್ಸದ ಕೆಲ್ಸ ನಿಂಗೆ" ಎಂದು ಮೆಲ್ಲಗೆ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಕ್ಕಿ ಎಲ್ಲಿರಬಹುದು ಎಂದು ನಿಂತಲ್ಲಿಂದಲೇ ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿಲ್ಲದಿರುವುದು ನನ್ನಿಂದಲೇ.

ನಾನು ಹೋಗಲಿಲ್ಲ. ನಿಂತಲ್ಲಿಂದಲೇ ಕೂಗಿದೆ.

"ಅಲ್ಲಿ ಉಡುಕ್ಬ್ಯಾಡ ಕಣವ್ವ. ಅದು ಬಿದ್ದಲ್ಲಿ ಇರಕಿಲ್ಲ. ರೆಕ್ಕೆ ಮುರುದ್ರೆ ಕಾಲ್ಗೆ ಬುದ್ಧಿ ಯೋಳ್ತದೆ. ಮ್ಯಾಕ್ಕೆ ಅತ್ತು. ದಿಣ್ಣೆ ಕಡೀಕೆ."

ಎಲೆಗಳ ಸದ್ದು ಮೇಲಕ್ಕೆ ಸರಿಯಿತು.

"ಈಗ ನಿಂತ್ಕೊ. ಉಸ್ರು ಬಿಗಿ ಇಡಿ. ಎಲೆ ಸರ್‍ಗುಟ್ತದಾ ಕೇಳು. ಪೊದೆ ಬುಡ್ದಲ್ಲಿ ನೋಡು. ಪುಕ್ಕ ಕಾಣಕಿಲ್ಲ, ತರಗಿನ ಬಣ್ಣ ಅದು. ಕಣ್ಣು ಉಡುಕು. ಕಣ್ಣು ಒಳೀತದೆ."

ಅಣ್ಣ ನನ್ನನ್ನೇ ನೋಡುತ್ತಿದ್ದ. ಅವನ ಮಗ ಮೆಳೆಯ ಹತ್ತಿರ ಕೂತು ತಾನೂ ಪೊದೆಯ ಬುಡ ಬಗ್ಗಿ ನೋಡುತ್ತಿದ್ದ. ಚಿಕ್ಕಂದಿನಲ್ಲಿ ಯಾರೂ ಹೇಳಿಕೊಡದೆ ಮೈ ಕೊಯ್ಯಿಸಿಕೊಂಡು ಕಲಿತದ್ದನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಹೇಳುತ್ತಾ ಹೋದ ಹಾಗೆ ಅದು ಎಷ್ಟು ದೊಡ್ಡ ವಿದ್ಯೆ ಎಂದು ನನಗೇ ಆಶ್ಚರ್ಯವಾಯಿತು.

"ಸಿಕ್ತು!"

ಬಹಳ ಹೊತ್ತಿನ ಮೇಲೆ ದಿಣ್ಣೆಯ ಕಡೆಯಿಂದ ಹೊರಗೆ ಬಂದಳು. ಕೂದಲ ತುಂಬ ತರಗು, ಕೆನ್ನೆಯ ಮೇಲೆ ಗೀರು, ಎರಡೂ ಕೈಯಲ್ಲಿ ಒತ್ತಿ ಹಿಡಿದ ಹಕ್ಕಿ. ಕತ್ತು ಜೋತುಬಿದ್ದಿತ್ತು, ಜೀವ ಹೋಗಿತ್ತು. ಅವಳು ನಗುತ್ತಿರಲಿಲ್ಲ. ಅತ್ತಿದ್ದಳೋ, ಮುಳ್ಳಿನ ಉರಿಗೆ ಕಣ್ಣಲ್ಲಿ ನೀರು ಬಂದಿತ್ತೋ, ನಾನು ಕೇಳಲಿಲ್ಲ.

ಅಣ್ಣನ ಕೈ ತಾನಾಗಿಯೇ ಮುಂದಕ್ಕೆ ಬಂತು. ಅವಳು ಆ ಕೈಯನ್ನು ಗಮನಿಸಲೇ ಇಲ್ಲ, ದಾಟಿಕೊಂಡು ನನ್ನ ಹತ್ತಿರ ಬಂದಳು.

"ಇಡ್ಕೊ ಅವ್ವ. ಕೈಯೆಲ್ಲ ಮುಳ್ಳು."

ಹಿಡಿದುಕೊಂಡೆ. ಇನ್ನೂ ಬೆಚ್ಚಗಿತ್ತು. ನನ್ನ ಕೈಯಲ್ಲಿ ಎಷ್ಟೋ ಗೌಜಲು ಹಾಗೆ ಬೆಚ್ಚಗಿದ್ದವು, ಎಲ್ಲವನ್ನೂ ಯಾರಿಗೋ ಕೊಡುವುದಕ್ಕೆಂದೇ ಹಿಡಿದಿದ್ದೆ. ಹೊಡೆದವರು ತಾವೇ ತಂದು ನನ್ನ ಕೈಗೆ ಕೊಟ್ಟ ಹಕ್ಕಿ ಅದೊಂದೇ.