ಅಪ್ಪನ ವಿಮಾನ ಕಾಪುವಿಗೆ ಬಂದದ್ದು

ಈಗಿನ ಮಕ್ಕಳು ತಲೆಯ ಮೇಲೆ ವಿಮಾನ ಹೋದರೂ ಮೊಬೈಲಿನಿಂದ ಕಣ್ಣೆತ್ತುವುದಿಲ್ಲ. ನಾನು ಉಡುಪಿ ಹತ್ತಿರದ ಮಟ್ಟುವಿನಲ್ಲಿ ಬೆಳೆಯುತ್ತಿದ್ದ ಕಾಲದಲ್ಲಿ ಸದ್ದು ಕೇಳಿದರೆ ಸಾಕು, ಗುಳ್ಳ ಬದನೆಯ ಗದ್ದೆಯಲ್ಲಿ ಬಗ್ಗಿದ್ದವರೆಲ್ಲ ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಲ್ಲುತ್ತಿದ್ದರು. ನಮ್ಮ ಕಡೆ ವಿಮಾನ ಎಂದರೆ ಯಾರೋ ಊರಿಗೆ ಬಂದರು ಎಂದೇ ಲೆಕ್ಕ. ದುಬಾಯಿಯಿಂದ ಅಣ್ಣ, ಮಸ್ಕತ್ತಿನಿಂದ ಭಾವ. ಬರುವವರಿಗೆಂದು ಕೋಳಿ ಕೊಯ್ದು, ಬಾಡಿಗೆ ವ್ಯಾನು ಮಾಡಿಕೊಂಡು ಮನೆಮಂದಿಯೆಲ್ಲ ಬಜ್ಪೆ ವಿಮಾನ ನಿಲ್ದಾಣಕ್ಕೆ ಹೋಗಿ ಕಂಬಿ ಹಿಡಿದು ನಿಲ್ಲುವುದು ಪದ್ಧತಿ.

ನನ್ನ ಅಪ್ಪ ದುಬಾಯಿಯವರಲ್ಲ, ವಾಯುಸೇನೆಯಲ್ಲಿ ಮೆಕ್ಯಾನಿಕ್. ಹಳೆಯ ಬಾಂಬರ್ ವಿಮಾನಗಳನ್ನು ಹಾರಿಸಿ ತೋರಿಸುವ ಒಂದು ಪ್ರದರ್ಶನ ತಂಡದಲ್ಲಿದ್ದರು. ಆ ತಂಡದ ಚರಿತ್ರೆಯನ್ನು ಅವರು ರಜೆಗೆ ಬಂದಾಗಲೆಲ್ಲ ಭೂತಕೋಲದ ಪಾಡ್ದನ ಹೇಳಿದ ಹಾಗೆ ಮೊದಲಿನಿಂದ ಹೇಳುವರು. ಪ್ರಾಯದಲ್ಲಿ ಬಾಂಬು ಹೊತ್ತ ವಿಮಾನಗಳು. ಹೊಸವು ಬಂದ ಮೇಲೆ ಅವು ನಿವೃತ್ತಿಯಾಗಿ ಗುಜರಿಗೆ ಹೋಗುವುದರಲ್ಲಿದ್ದವು. ಹಾರುವಷ್ಟು ಜೀವ ಇನ್ನೂ ಉಂಟು ಎಂದು ಯಾರೋ ಒಬ್ಬ ಅಧಿಕಾರಿ ಹಟ ಹಿಡಿದು ಕೆಲವನ್ನು ಉಳಿಸಿಕೊಂಡರಂತೆ. ಕೆಂಪು ಬಿಳಿ ಬಣ್ಣ ಬಳಿದು, ಬಾಂಬಿದ್ದ ಜಾಗದಲ್ಲಿ ಟ್ಯಾಂಕಿ ಕೂರಿಸಿದರು. ಟ್ಯಾಂಕಿಯಲ್ಲಿ ಬಣ್ಣ ಕಲಸಿದ ಡೀಸೆಲ್. ಅದು ಇಂಜಿನಿನ ಬಿಸಿಗಾಳಿಗೆ ಬಿದ್ದರೆ ಬಣ್ಣದ ಹೊಗೆ. ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಒಂದು ವಿಮಾನವನ್ನು ಬಿಚ್ಚಿ ಉಳಿದವನ್ನು ಬದುಕಿಸುವುದು, ಮತ್ತೆ ಇನ್ನೊಂದನ್ನು ಬಿಚ್ಚುವುದು, ಹೀಗೇ ನಡೆದಿತ್ತು. ಬಣ್ಣ ಕಲಸುವುದು ಅಪ್ಪನ ಕೆಲಸ. ರಜೆಗೆ ಬಂದರೂ ಅವರ ಉಗುರಿನ ಸಂದಿಯ ಹಸಿರು ಹೋಗಿರುತ್ತಿರಲಿಲ್ಲ, ಅಂಗಿಯಲ್ಲಿ ಡೀಸೆಲಿನ ವಾಸನೆ.

ತಂಡ ಊರೂರು ತಿರುಗುವಾಗ ನನಗೆ ಶಾಲೆಯ ಮೇಲೆ ಶಾಲೆ ಬದಲಾಯಿತು. ಕೊನೆಗೆ ಅಮ್ಮ ಮತ್ತು ಪುಟ್ಟ ತಮ್ಮ ಅಪ್ಪನ ಜೊತೆ ಕ್ವಾರ್ಟರ್ಸಿನಲ್ಲಿ ಉಳಿದರು. ನನ್ನನ್ನು ಒಂದು ವರ್ಷದ ಮಟ್ಟಿಗೆ ಎಂದು ಮಟ್ಟುವಿನ ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ಆ ಒಂದು ವರ್ಷ ಮುಗಿಯಲೇ ಇಲ್ಲ. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ, ನನ್ನ ಮೇಲೆ ಜೀವ. ಆದರೂ ಸಂಜೆ ಗದ್ದೆಯ ಬದುವಿನಲ್ಲಿ ಒಬ್ಬಳೇ ಕೂತು ಕಲ್ಲಾಟ ಆಡುತ್ತಿದ್ದೆ. ಬಲಗೈ ಒಂದು ಪಕ್ಷ, ಎಡಗೈ ಇನ್ನೊಂದು. ಯಾರು ಗೆದ್ದರೂ ಹೇಳಿಕೊಳ್ಳಲಿಕ್ಕೆ ಜನ ಇಲ್ಲ.

ಗುಳ್ಳ ಕೊಯ್ಲು ಶುರುವಾದ ಸಮಯದಲ್ಲಿ ಅಪ್ಪ ಫೋನ್ ಮಾಡಿ, ಭಾನುವಾರ ಕಾಪು ಕಡಲತೀರದಲ್ಲಿ ನಮ್ಮ ವಿಮಾನಗಳ ಪ್ರದರ್ಶನ ಉಂಟು, ದೀಪಸ್ತಂಭದ ಹತ್ತಿರ ನಿಂತರೆ ಚೆನ್ನಾಗಿ ಕಾಣುತ್ತದೆ ಎಂದರು. ಅಷ್ಟೇ ಹೇಳಿದ್ದು. ನಮಗೆ ಅಷ್ಟೇ ಸಾಕಾಯಿತು. ವಿಮಾನಗಳು ಹೋದಲ್ಲೆಲ್ಲ ಅಪ್ಪನೂ ಅವರ ಹತ್ಯಾರುಗಳ ಪೆಟ್ಟಿಗೆಯೂ ಹೋಗುತ್ತಿದ್ದದ್ದು ನಾನೇ ಕಂಡದ್ದಲ್ಲವೇ? ಕಾಪುವಿನಲ್ಲಿ ವಿಮಾನ ಎಲ್ಲಿ ಇಳಿಯುತ್ತದೆ ಎಂದು ದೊಡ್ಡಮ್ಮನಿಗೆ ಸಣ್ಣ ಸಂಶಯ ಬಂತು. ಪಕ್ಕದ ಹಮೀದ್ ಬ್ಯಾರಿ, ನಮ್ಮೆಲ್ಲರ ಹಮೀದಾಕ, ಗಲ್ಫಿನವರನ್ನು ತನ್ನ ವ್ಯಾನಿನಲ್ಲಿ ಕರೆತಂದು ಪಳಗಿದವರು. ಅವರ ತೀರ್ಪು ಖಂಡಿತವಾಗಿತ್ತು.

"ಬಂದ ಮೇಲೆ ಇಳಿಯಲೇಬೇಕಲ್ಲ ಅಕ್ಕಾ, ಆಕಾಶದಲ್ಲೇ ಕೂತಿರಲಿಕ್ಕೆ ಆಗ್ತದಾ? ಬಜ್ಪೆಯಲ್ಲಿ ಇಳಿದು ಜೀಪಿನಲ್ಲಿ ಬರ್ತಾರೆ."

ದೊಡ್ಡಮ್ಮ ಅಂಗಳಕ್ಕೆ ಸೆಗಣಿ ಸಾರಿಸಿದರು, ಸಾಕಿದ ಹುಂಜವನ್ನು ಕೊಯ್ಯಿಸಿ ಕೋರಿ ರೊಟ್ಟಿಗೆ ಮಸಾಲೆ ಅರೆದರು. ನಾನು ನನ್ನ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿಸಿದೆ. ಈ ಸಲ ಅಪ್ಪನ ಕೈ ಹಿಡಿದು ಹೊರಟುಬಿಡುವುದೆಂದು ತೀರ್ಮಾನಿಸಿದ್ದೆ. ದೊಡ್ಡಮ್ಮ ಚೀಲ ನೋಡಿದರು, ಹಾಗೇ ಎತ್ತಿ ವ್ಯಾನಿನೊಳಗೆ ಇಟ್ಟರು. ಅವರ ಮುಖ ನೋಡುವ ಬುದ್ಧಿ ನನಗೆಲ್ಲಿತ್ತು?

ಕಾಪುವಿನಲ್ಲಿ ಜಾತ್ರೆಯಷ್ಟು ಜನ. ಚುರುಮುರಿಯ ಈರುಳ್ಳಿ, ಒಣಮೀನು, ಕಾಲಡಿಯ ಬಿಸಿ ಹೊಯಿಗೆ, ಎಲ್ಲದರ ವಾಸನೆ ಒಟ್ಟಿಗೆ. ಜೀಪು ಬಂದರೆ ಮೊದಲು ಕಾಣಲಿ ಎಂದು ಹಮೀದಾಕ ನಮ್ಮನ್ನು ರಸ್ತೆಯ ಬದಿಗೇ ನಿಲ್ಲಿಸಿದರು. ಅಷ್ಟರಲ್ಲಿ ಕಡಲ ಕಡೆಯಿಂದ ಎದೆ ಅದುರುವ ಸದ್ದು. ನಾಲ್ಕು ವಿಮಾನಗಳು ಒಂದರ ರೆಕ್ಕೆಗೆ ಇನ್ನೊಂದು ತಾಗುವಂತೆ ಬಂದವು, ಕೇಸರಿ, ಬಿಳಿ, ಹಸಿರು ಹೊಗೆ ಬಿಟ್ಟವು, ಮೇಲೆ ಹೋಗಿ ಕವಲೊಡೆದವು. ಜನ ಕುಣಿದಾಡಿದರು. ನಾನು ಅರ್ಧ ಆಕಾಶ ನೋಡಿದೆ, ಅರ್ಧ ರಸ್ತೆ ನೋಡಿದೆ. ಸ್ವಲ್ಪ ಹೊತ್ತಿನಲ್ಲೇ ಅವು ದಕ್ಷಿಣಕ್ಕೆ ತಿರುಗಿ ಚುಕ್ಕೆಗಳಾದವು. ಹೋದ ಪುಟ್ಟ, ಬಂದ ಪುಟ್ಟ.

ಜನ ಕರಗಿದರು. ಯಾವ ಜೀಪೂ ಬರಲಿಲ್ಲ. ಹಮೀದಾಕ ಹೋಗಿ ಬಂದೋಬಸ್ತಿನ ಪೊಲೀಸರನ್ನು ವಿಚಾರಿಸಿದರು. ವಿಮಾನಗಳು ದೂರದ ನೆಲೆಯಿಂದ ಹಾರಿ ಬಂದು ಎಲ್ಲೂ ಇಳಿಯದೆ ಅಲ್ಲಿಗೇ ಮರಳಿದವಂತೆ. ಮೆಕ್ಯಾನಿಕರು ಯಾರೂ ಬಂದಿಲ್ಲವಂತೆ. ಅದನ್ನು ದೊಡ್ಡಮ್ಮನಿಗೆ ಹೇಳುವಾಗ ಹಮೀದಾಕನ ಸ್ವರ ಇಳಿದುಹೋಗಿತ್ತು. ನನಗೊಂದು ಚುರುಮುರಿ ತಂದುಕೊಟ್ಟರು. ಅದನ್ನು ಹಿಡಿದುಕೊಂಡೇ ವ್ಯಾನಿನಲ್ಲಿ ಕೂತೆ. ಅಷ್ಟು ಒಂಟಿತನ ನನಗೆ ಮತ್ತೆ ಯಾವತ್ತೂ ಆದದ್ದಿಲ್ಲ.

ಸಂಜೆ ಅಪ್ಪನ ಫೋನ್ ಬಂತು. ಉತ್ಸಾಹವೋ ಉತ್ಸಾಹ. ಎಡಗಡೆಯ ಕೊನೆಯ ವಿಮಾನಕ್ಕೆ ಬಣ್ಣ ಕಲಸಿದ್ದು ತಾನಂತೆ. ಹಸಿರು ತುಂಡಾಗದೆ ಬಂತೋ ಎಂದು ಕೇಳಿದರು. ಬಂತು ಎಂದೆ.

"ನಾನೇ ಅಲ್ಲಿಗೆ ಬಂದ ಹಾಗೆ ಆಯಿತು ಅಲ್ವಾ ಮಗಾ?"

ನೀವು ಯಾಕೆ ಬರಲಿಲ್ಲ ಎಂದು ಕೇಳುವ ಬದಲು ರಿಸೀವರನ್ನು ದೊಡ್ಡಮ್ಮನ ಕೈಗೆ ಕೊಟ್ಟು ಒಳಗೆ ಹೋದೆ. ಚೀಲದ ಸುದ್ದಿಯನ್ನು ದೊಡ್ಡಮ್ಮನೂ ಅಪ್ಪನ ಹತ್ತಿರ ಎತ್ತಲಿಲ್ಲ. ಆ ದಿನದ ನಂತರ ಅಪ್ಪ ಯಾವಾಗ ಬರುತ್ತಾರೆ ಎಂದು ನಾನು ಯಾರನ್ನೂ ಕೇಳಲಿಲ್ಲ.

ಬಿಚ್ಚಲಿಕ್ಕೆ ವಿಮಾನ ಉಳಿಯದಾದಾಗ ತಂಡವನ್ನು ಮುಚ್ಚಿದರು. ಒಂದನ್ನು ಯಾವುದೋ ನಗರದ ವೃತ್ತದಲ್ಲಿ ಕಂಬದ ಮೇಲೆ ನಿಲ್ಲಿಸಿದ್ದಾರಂತೆ, ಉಳಿದವು ಗುಜರಿ. ಅಪ್ಪನೂ ನಿವೃತ್ತರಾಗಿ ಅಮ್ಮ, ತಮ್ಮನ ಜೊತೆ ಊರಿಗೆ ಬಂದರು. ನಾನಾಗ ಉಡುಪಿಯಲ್ಲಿ ಕಾಲೇಜು ಓದುತ್ತಿದ್ದೆ. ಬಂದ ದಿನ ದೊಡ್ಡಮ್ಮನ ಮನೆಯ ಜಗಲಿಯಲ್ಲಿ ಕೂತ ಅಪ್ಪನ ಮುಂದೆ, ಬಂದವರಿಗೆಲ್ಲ ಇಡುವ ಹಾಗೆ, ಬೆಲ್ಲದ ತುಂಡು ಮತ್ತು ತಂಬಿಗೆ ನೀರು ಇಟ್ಟೆ. ಅಪ್ಪ ಬೆಲ್ಲವನ್ನೇ ನೋಡುತ್ತ ಕೂತರು.

"ಇದು ನೆಂಟರಿಗೆ ಕೊಡುವುದಲ್ವಾ ಮಗಾ?"

ನಾನು ತಂಬಿಗೆಯನ್ನು ಅವರ ಹತ್ತಿರಕ್ಕೆ ಸರಿಸಿದೆ. ಅವರು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದರು.

ಆಮೇಲೆ ಎಷ್ಟೋ ವರ್ಷ ನಮ್ಮ ಜೊತೆಗೇ ಇದ್ದರು. ತಮ್ಮ ಅವರ ಹತ್ತಿರ ಜಗಳ ಕಾಯ್ದು, ಬಾಗಿಲು ಬಡಿದು, ಬೇಕಾದ್ದನ್ನು ತೆಗೆಸಿಕೊಳ್ಳುತ್ತಿದ್ದ. ನಾನು ಒಳ್ಳೆಯ ಮಗಳು. ಅನ್ನ ಬಡಿಸಿದೆ, ಮಾತ್ರೆ ಕೊಟ್ಟೆ, ಕೊನೆಗೆ ಬಾಯಿಗೆ ನೀರನ್ನೂ ಬಿಟ್ಟೆ. ಅಪ್ಪನ ಹತ್ತಿರ ಹಟ ಮಾಡಿ ಒಂದು ಐಸ್‌ಕ್ಯಾಂಡಿ ಕೇಳಿದ ನೆನಪು ಮಾತ್ರ ನನಗಿಲ್ಲ.